ಕಲ್ಲಿನ ಫೈಲು: ಮಾಡಬೇಕಾದ್ದು, ಮಾಡಬಾರದ್ದು

ಶಿಲೆ–ಖನಿಜ ಗುರುತಿಸುವ ಸ್ಪರ್ಧೆಗೆ ಹೆಸರು ಕೊಟ್ಟಿರುವ ವಿಜಯಪುರ, ತಿಕೋಟಾ, ಬಬಲೇಶ್ವರದ ಹೈಸ್ಕೂಲ್ ಮಕ್ಕಳ ಗಮನಕ್ಕೆ

ಮೇಜಿನ ಮೇಲೆ ಕಲ್ಲು, ಪಕ್ಕದಲ್ಲಿ ಮೂರ್ನಾಲ್ಕು ಪ್ರಶ್ನೆ. ಗಂಟೆ ಬಾರಿಸಿದ ಕೂಡಲೇ ಮುಂದಿನ ಮೇಜಿಗೆ ಹೋಗಬೇಕು. ಅಮೆರಿಕದ ಸೈನ್ಸ್ ಒಲಿಂಪಿಯಾಡ್‌ನಲ್ಲೂ ಇಂಥ ಸ್ಪರ್ಧೆ ಇದೆ. ಮಕ್ಕಳು ತಾವೇ ತಯಾರಿಸಿದ ರಿಂಗ್ ಫೈಲನ್ನು ಒಳಗೆ ಒಯ್ಯಬಹುದು. ನಮ್ಮಲ್ಲೂ ಅದೇ ರೀತಿ. ಫೈಲು ಇದ್ದ ಮೇಲೆ ಓದುವುದೇಕೆ ಎನ್ನುವವರು ಈಗಲೇ ಹೆಸರು ವಾಪಸ್ ತೆಗೆದುಕೊಳ್ಳಿ. ಅರ್ಧ ಉತ್ತರ ಗೊತ್ತಿದ್ದವರಿಗೆ ಉಳಿದರ್ಧ ಹುಡುಕಿ ಕೊಡುವುದಷ್ಟೇ ಫೈಲಿನ ಕೆಲಸ.

ಮಾಡಬೇಕಾದ್ದು

ಮೊದಲ ಪುಟ ನಿಮ್ಮ ಕಾಲ ಕೆಳಗಿನ ಕಲ್ಲಿಗೆ ಕೊಡಿ. ನಾವಿರುವುದು ದಖನ್ನಿನ ಲಾವಾ ಹಾಸಿನ ಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಆರಿದ ಬಸಾಲ್ಟೇ ನಮ್ಮ ಬಾವಿಯ ಗೋಡೆ, ರಸ್ತೆಯ ಖಡಿ, 1656ರಲ್ಲಿ ಮುಗಿದ ಗೋಳಗುಮ್ಮಟದ ಗೋಡೆ. ಅದು ಸವೆದು ಆದದ್ದೇ ಡೋಣಿ ದಂಡೆಯ ಎರಿ ಮಣ್ಣು. ಇಷ್ಟನ್ನು ಸ್ವಂತ ಮಾತಿನಲ್ಲಿ ಬರೆಯಿರಿ.

ಬಾವಿ ತೋಡಿದಲ್ಲಿ, ಖಡಿ ಮಷಿನ್ನಿನ ಹತ್ತಿರ ಬಿದ್ದ ಬಸಾಲ್ಟ್ ತುಂಡನ್ನು ತಿರುಗಿಸಿ ನೋಡಿ. ಅಲ್ಲಲ್ಲಿ ಸಣ್ಣ ಗೂಡುಗಳಿರುತ್ತವೆ. ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಜಾಗ ಅದು. ಆಮೇಲೆ ನೀರು ಇಳಿದು ಅಲ್ಲಿ ಬಿಳಿ ಹರಳು ಕಟ್ಟಿದೆ. ಆ ಬಿಳಿ ಹರಳು ಏನು ಎಂಬುದೇ ಸ್ಪರ್ಧೆಯಲ್ಲಿ ಎಲ್ಲರೂ ಎಡವುವ ಪ್ರಶ್ನೆ. ಕ್ಯಾಲ್ಸೈಟ್ ಇರಬಹುದು, ಬೆಣಚು ಇರಬಹುದು, ಸ್ಟಿಲ್ಬೈಟಿನಂಥ ಜಿಯೋಲೈಟ್ ಇರಬಹುದು. ಚೂರಿ ತುದಿಯಿಂದ ಗೀರಿ. ಬೆಣಚಿಗೆ ಗೀರು ಬೀಳುವುದಿಲ್ಲ, ಗಡಸುತನ 7. ಕ್ಯಾಲ್ಸೈಟ್‌ಗೆ ಸುಲಭವಾಗಿ ಬೀಳುತ್ತದೆ, ಗಡಸುತನ 3. ಪುಡಿ ಮಾಡಿ ಲಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತದೆ. ಗೀರೂ ಬಿತ್ತು, ಗುಳ್ಳೆ ಮಾತ್ರ ಏಳಲಿಲ್ಲ ಎಂದರೆ ಜಿಯೋಲೈಟ್ ಪುಟ ತೆರೆಯಿರಿ. ಅದೇ ಪುಟದ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿಡಿ: ಜಿಯೋಲೈಟ್ ಜೊತೆಗೇ ಸಿಗುವ ಅಪೋಫಿಲೈಟ್ ಜಿಯೋಲೈಟ್ ಅಲ್ಲ.

ಹೀಗೆ ಪ್ರತಿ ಖನಿಜದ ಪುಟದಲ್ಲೂ 'ಯಾವುದರಂತೆ ಕಾಣುತ್ತದೆ' ಎಂಬ ಸಾಲು ಇರಲೇಬೇಕು. ಹೆಸರು, ರಾಸಾಯನಿಕ ಸೂತ್ರ, ಗಡಸುತನ, ಗೀರಿನ ಬಣ್ಣ, ಸೀಳು, ಹೊಳಪು, ಉಪಯೋಗ ಎಲ್ಲರೂ ಬರೆಯುತ್ತಾರೆ. ಅಂಕ ಇರುವುದು ಆ ಸಾಲಿನಲ್ಲಿ.

ಗಡಸುತನದ ಪಟ್ಟಿ ಫೈಲಿನ ಒಳರಟ್ಟಿಗೇ ಅಂಟಿಸಿ. ಟಾಲ್ಕ್ 1ರಿಂದ ವಜ್ರ 10ರ ತನಕ, 1812ರಲ್ಲಿ ಮೋಸ್ ಮಾಡಿದ ಪಟ್ಟಿ. ಉಗುರು ಸುಮಾರು 2.5, ಚೂರಿ ಸುಮಾರು 5.5. ತಾಮ್ರದ ನಾಣ್ಯ 3 ಎಂದು ಓದಿ ಕಿಸೆಯಿಂದ ರೂಪಾಯಿ ತೆಗೆಯಬೇಡಿ. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲ್. ಮೋಟರ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಗೇಣುದ್ದ ತಾಮ್ರದ ತಂತಿ ಕೊಡುತ್ತಾರೆ, ಅದು ಸಾಕು.

ಗೀರಿನ ಬಣ್ಣಕ್ಕೆ ಒಡೆದ ಟೈಲ್ಸಿನ ಹಿಂಬದಿ ಬಳಸಿ, ನುಣುಪು ಬದಿ ಬೇಡ. ಸಂಡೂರಿನ ಹೆಮಟೈಟ್ ನೋಡಲು ಕಪ್ಪಗೆ ಮಿಂಚಿದರೂ ಗೀರು ಮಾತ್ರ ಕೆಮ್ಮಣ್ಣಿನ ಬಣ್ಣ. ಮ್ಯಾಗ್ನೆಟೈಟ್‌ನ ಗೀರು ಕಪ್ಪು.

ಸಾಂದ್ರತೆಯನ್ನು ಬರೀ ಪುಸ್ತಕದಿಂದ ಇಳಿಸಿಕೊಳ್ಳದೆ ಒಮ್ಮೆಯಾದರೂ ತೂಗಿ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಕಲ್ಲು ತೂಗುಬಿಡಿ. ಗಾಳಿಯಲ್ಲಿ 290 ಗ್ರಾಂ, ಬಕೆಟ್ ನೀರಿನಲ್ಲಿ ಮುಳುಗಿಸಿದಾಗ 190 ಎಂದುಕೊಳ್ಳಿ. ಕಡಿಮೆಯಾದದ್ದು 100. 290ನ್ನು 100ರಿಂದ ಭಾಗಿಸಿದರೆ 2.9, ಬಸಾಲ್ಟ್. ಹೀಗೆ ಒಮ್ಮೆ ತೂಗಿದವರಿಗೆ ಬೆಣಚಿನ 2.65, ಬೆರೈಟ್‌ನ 4.5, ಗೆಲೀನಾದ 7.5 ಕೈಯಲ್ಲೇ ಗೊತ್ತಾಗತೊಡಗುತ್ತದೆ.

ಶಿಲೆಗಳ ಭಾಗಕ್ಕೆ ದೂರ ಹೋಗಬೇಕಿಲ್ಲ. ತಾಳಿಕೋಟಿಯ ಸುಣ್ಣಕಲ್ಲು, ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಸಾಕು. ಮನೆಯ ಫರಸಿಯನ್ನೂ ಬಗ್ಗಿ ನೋಡಿ: ಶಹಾಬಾದದ ಸುಣ್ಣಕಲ್ಲಾಗಿದ್ದರೆ ಅಂಚಿನಲ್ಲಿ ಪದರು ಕಾಣುತ್ತದೆ. ರೂಪಾಂತರ ಶಿಲೆಗೆ ಮಾತ್ರ ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಚಿತ್ರ ಹಾಕಿ. ಅದು ನೈಸ್, ಸುಮಾರು 300 ಕೋಟಿ ವರ್ಷದ್ದು.

ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಳ್ಳಿ. ಕಾಗೆಬಂಗಾರ ಎಂದರೆ ಮೈಕಾ. ಇಂಗ್ಲಿಷಿನವರು ಮೂರ್ಖರ ಚಿನ್ನ ಎನ್ನುವುದು ಪೈರೈಟ್‌ಗೆ. ಎರಡಕ್ಕೂ ಬಂಗಾರದ ಹೆಸರು ಅಂಟಿರುವುದರಿಂದ ಪ್ರತಿ ವರ್ಷ ಒಬ್ಬರಾದರೂ ಅದಲುಬದಲು ಮಾಡುತ್ತಾರೆ.

ಮಾಡಬಾರದ್ದು

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲಿಂದಲೂ ಚೂರು ಕಲ್ಲನ್ನೂ ಕೀಳಬಾರದು. ಸ್ಮಾರಕಕ್ಕೆ ಹಾನಿ ಮಾಡಿದರೆ ಕಾನೂನಿನಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. 'ಬಿದ್ದಿತ್ತು ಸರ್, ಅದಕ್ಕೇ ತಂದೆ' ಎಂಬ ಉತ್ತರ ನನ್ನ ಹತ್ತಿರ ನಡೆಯುವುದಿಲ್ಲ. ಸುರುಂಗ ಹಾರಿಸುವ ಕ್ವಾರಿಯೊಳಗೆ ಕಾಲಿಡಬಾರದು. ಬಾವಿಗೆ ಇಳಿಯಬಾರದು, ಮೇಲೆ ಎತ್ತಿ ಹಾಕಿದ ಗುಡ್ಡೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಸಂಡಾಸು ತೊಳೆಯುವ ಆ್ಯಸಿಡ್ ಮುಟ್ಟಬಾರದು. ಲ್ಯಾಬಿನ ತೆಳು ಆ್ಯಸಿಡ್ ಕೂಡ ಶಿಕ್ಷಕರು ಎದುರಿಗಿದ್ದಾಗ ಮಾತ್ರ. ಯಾವ ಕಲ್ಲನ್ನೂ ನಾಲಿಗೆಗೆ ಹಚ್ಚಬಾರದು.

ಕೇಳಿದ್ದನ್ನೆಲ್ಲ ಬರೆಯಬಾರದು. ಗೋಳಗುಮ್ಮಟದಲ್ಲಿ ಸರಪಳಿಗೆ ತೂಗುಬಿಟ್ಟಿರುವ ಬಿಜಲಿ ಪತ್ಥರ್ ಆಕಾಶದಿಂದ ಬಿದ್ದದ್ದು ಎನ್ನುತ್ತಾರೆ. 'ಎನ್ನುತ್ತಾರೆ' ಎಂಬುದು ಫೈಲಿಗೆ ಸಲ್ಲದು. ಮಲಿಕ್-ಎ-ಮೈದಾನ್ ತೋಪನ್ನು ಖನಿಜದ ಪುಟಕ್ಕೆ ಸೇರಿಸಬೇಡಿ, ಅದು ಮಿಶ್ರಲೋಹ.

ಬಣ್ಣ ನೋಡಿ ಹೆಸರು ಹೇಳಬಾರದು. ಎರಿ ಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳನ್ನು ಜಿಯೋಲೈಟ್ ಎಂದು ತಂದವರಿದ್ದಾರೆ. ಜಾತ್ರೆಯಲ್ಲಿ ಮಾರುವ ನೀಲಿ, ಗುಲಾಬಿ ಕಲ್ಲು ಎಷ್ಟೋ ಸಲ ಬಣ್ಣದಲ್ಲಿ ಅದ್ದಿದ ಅಗೇಟ್.

ನೆಟ್‌ನಿಂದ ಇಡೀ ಪುಟ ಪ್ರಿಂಟ್ ತೆಗೆದು ತುರುಕಬಾರದು. ಒಂದು ಖನಿಜಕ್ಕೆ ಒಂದೇ ಪುಟ, ಕೈಬರಹ. ಮಗ್ಗುಲಿಗೆ ಬಣ್ಣದ ಚೀಟಿ ಅಂಟಿಸಿ. ಫೈಲಿಗೆ ಕಲ್ಲು ಅಂಟಿಸಬೇಡಿ, ರಿಂಗು ಸಡಿಲಾಗುತ್ತದೆ. ಈ ಬುದ್ಧಿ ನನಗೆ ಬಂದದ್ದು ತಡವಾಗಿ. ಒಂದು ವರ್ಷ ನಾನೇ ಅಂಟಿಸಿ ಎಂದಿದ್ದೆ. ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯೊಬ್ಬಳ ಫೈಲು ಬಾಯ್ಬಿಟ್ಟಿತು. ಹಾಳೆಗಳು ಗಾಳಿಗೆ ಹಾರಿದವು, ಕಂಡಕ್ಟರ್ ಕಾಕಾನೂ ಇಳಿದು ಹೆಕ್ಕಿಕೊಟ್ಟರು. ಪುಟಕ್ಕೆ ನಂಬರ್ ಹಾಕಿರಲಿಲ್ಲ. ಸ್ಪರ್ಧೆಯ ಮೊದಲ ನಾಲ್ಕು ಮೇಜು ಅವಳಿಗೆ ಹಾಳೆ ಜೋಡಿಸುವುದರಲ್ಲೇ ಹೋಯಿತು.

ಆದ್ದರಿಂದ ಪುಟಕ್ಕೆ ನಂಬರ್ ಕಡ್ಡಾಯ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಫೈಲು ತೆಗೆದುಕೊಂಡು ಲ್ಯಾಬಿಗೆ ಬನ್ನಿ. ನಾನು ಒಂದು ಖನಿಜದ ಹೆಸರು ಹೇಳುತ್ತೇನೆ. ಹತ್ತು ಎಣಿಸುವುದರೊಳಗೆ ಪುಟ ತೆರೆಯದಿದ್ದರೆ ಫೈಲು ವಾಪಸ್.