ಓಲೆ, ಕನ್ನಡಕ, ತುರುಬು ಮತ್ತು ಹದಿನೇಳು ಗಂಟೆ

ನಮ್ಮ ಮನೆ ಯಾದವಗಿರಿಯಲ್ಲಿ, ಆಕಾಶವಾಣಿಗೆ ಕೂಗಳತೆಯ ದೂರ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ ಊರು ಇದು. ಕೇಳುವ ವಿಷಯದಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ ಅನ್ನೋ ಸಣ್ಣ ಜಂಬ ನನಗಿತ್ತು. ಅದು ಇಳಿದದ್ದು 2019ರಲ್ಲಿ, ಮಗಳ ಬಾಣಂತನಕ್ಕೆಂದು ಮೊದಲ ಸಲ ಅಮೆರಿಕದ ವಿಮಾನ ಹತ್ತಿದಾಗ.

ಸೀಟು ಸಿಕ್ಕಿದ್ದು ರೆಕ್ಕೆಯ ಹಿಂದೆ. ವಿಮಾನ ಮೇಲೇರಿದ ಮೇಲೆ ಇಂಜಿನ್ನಿನ ಗುಂಯ್‌ಗುಡುವಿಕೆ ಕಡಿಮೆಯಾದೀತು ಅಂತ ಕಾದೆ. ಅದು ಕಡಿಮೆಯಾಗುವ ಸದ್ದೇ ಅಲ್ಲ. ಫೋನಿನ ಜೊತೆ ಬಂದಿದ್ದ ಇಯರ್‌ಫೋನ್ ಸಿಕ್ಕಿಸಿಕೊಂಡು ವೀಣೆ ಹಾಕಿದೆ, ಕೇಳಿಸಲಿಲ್ಲ. ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗ ತಲೆಯೊಳಗೆ ಜೀರುಂಡೆ ಕೂತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಸೇರಿ ಎರಡು ದಿನ ಕಳೆದರೂ ಅದು ಎದ್ದು ಹೋಗಲಿಲ್ಲ. ಬಾಣಂತಿಯೇ ಅಮ್ಮನಿಗೆ ಕಾಫಿ ಮಾಡಿಕೊಟ್ಟಳು.

ಊರಿಗೆ ಮರಳಿದ ಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ತೋರಿಸಿದೆ. ಕಿವಿ ಚೆನ್ನಾಗೇ ಇತ್ತು. ಪರೀಕ್ಷೆ ಮಾಡಿದ ಹುಡುಗಿ ಹೇಳಿದ ಮಾತು ಮಾತ್ರ ನೆನಪಲ್ಲಿ ಉಳಿಯಿತು. ವಿಮಾನದೊಳಗೆ ಸುಮಾರು 80ರಿಂದ 85 ಡೆಸಿಬಲ್ ಸದ್ದು ಇರುತ್ತದೆ. 85 ಅಂದರೆ ದಿನಕ್ಕೆ ಎಂಟು ಗಂಟೆ ಸಾಕು ಅನ್ನೋ ಮಟ್ಟ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. "ವಿಮಾನದ ಸದ್ದನ್ನ ಮೀರಿಸೋಕೆ ಹೋಗಿ ನೀವೇ ಕಿವಿಗೆ ಜಾಸ್ತಿ ಸದ್ದು ಸುರಿದಿದ್ದೀರಿ ಮೇಡಂ" ಅಂದಳು.

2023ರಲ್ಲಿ ಎರಡನೇ ಬಾಣಂತನ. ಆ ಹೊತ್ತಿಗೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಬಂದಿತ್ತು. ಹತ್ತಿರ ಹತ್ತಿರ ಹದಿನೇಳು ಗಂಟೆ ಒಂದೇ ಕುರ್ಚಿ. ಮಗಳು ಮುಂಚಿತವಾಗಿಯೇ, ಬಂದವರ ಕೈಲಿ ಒಂದು ದುಬಾರಿ ಹೆಡ್‌ಫೋನ್ ಕಳಿಸಿದಳು. ಸದ್ದನ್ನು ತಾನೇ ಕಳೆಯುವಂಥದ್ದು.

ಅದರ ಪರೀಕ್ಷೆ ಆದದ್ದು ಅಡುಗೆಮನೆಯಲ್ಲಿ. ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿ, ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದೆ. ಕಲ್ಲು ತಿರುಗುವುದು ಕಣ್ಣಿಗೆ ಕಾಣುತ್ತಿದೆ, ಸದ್ದು ಮಾತ್ರ ಪಕ್ಕದ ಬೀದಿಗೆ ಹೋಗಿದೆ! ಚಟ್ನಿಗೆ ಮಿಕ್ಸಿ ಹಾಕಿದೆ, ಅದರ ಕಿರುಚಾಟ ಅರ್ಧಂಬರ್ಧ ಕೇಳಿತು. ಕುಕ್ಕರಿನ ಸೀಟಿಯಂತೂ ನೇರ ಒಳಗೇ ಬಂತು. ಆಗ ಇದರ ಗುಟ್ಟು ಅರ್ಥವಾಯಿತು. ಹೆಡ್‌ಫೋನಿನ ಪುಟ್ಟ ಮೈಕು ಹೊರಗಿನ ಸದ್ದು ಕೇಳಿಸಿಕೊಳ್ಳುತ್ತದೆ. ಅದರ ಅಲೆ ಏರುವಲ್ಲಿ ಇಳಿಯುವ, ಇಳಿಯುವಲ್ಲಿ ಏರುವ ಇನ್ನೊಂದು ಅಲೆಯನ್ನು ಒಳಗಿನ ಸ್ಪೀಕರ್ ಹುಟ್ಟಿಸುತ್ತದೆ. ಎರಡೂ ಸೇರಿ ಸೊನ್ನೆಯ ಹತ್ತಿರ ಬರುತ್ತವೆ. ಒಂದೇ ಸಮನೆ ಮೊಳಗುವ ತಗ್ಗು ದನಿಗೆ ಈ ಉಪಾಯ ನಡೆಯುತ್ತದೆ. ಕೀರಲು ದನಿಯನ್ನೂ ದಿಢೀರ್ ಸದ್ದನ್ನೂ ತಡೆಯಬೇಕಾದದ್ದು ಕಿವಿ ಸುತ್ತಲಿನ ಮೆತ್ತೆ. ಬಂಗಾಳಿ ತಂದೆಯ ಮಗ, ಅಮೆರಿಕದ ಪ್ರೊಫೆಸರ್ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವಾಗ ಇಂಜಿನ್ ಸದ್ದಿನಲ್ಲಿ ಸಂಗೀತ ಕೇಳಿಸದೆ ರೇಗಿ, ವಿಮಾನದಲ್ಲೇ ಇದರ ಲೆಕ್ಕ ಹಾಕಲು ಕೂತರಂತೆ. ಅದು ಪೈಲಟ್‌ಗಳ ಕಿವಿಗೆ ಸರಕಾಗಿ ಬಂದದ್ದು 1989ರಲ್ಲಿ. ನನ್ನ ಜೀರುಂಡೆ ಅವರಿಗೂ ಪರಿಚಯವಿತ್ತು ಅಂತಾಯಿತು.

ಮಗಳಿಗೆ ಫೋನ್ ಮಾಡಿ ಹೊಗಳಿ ಮುಗಿಸುವಷ್ಟರಲ್ಲಿ ಕಿವಿ ಉರಿಯತೊಡಗಿತು. ನನ್ನದು ಏಳು ಕಲ್ಲಿನ ಓಲೆ. ಅದರ ತಿರುಪು ಕಿವಿಯ ಹಿಂದೆ ಅರ್ಧ ಅಂಗುಲ ಚಾಚಿಕೊಂಡಿದೆ. ಮೆತ್ತೆ ಒತ್ತಿದ ಹಾಗೆಲ್ಲ ಅದು ಮೂಳೆಗೆ ಮೊಳೆಯ ಹಾಗೆ ಕೂರುತ್ತದೆ. ಕನ್ನಡಕದ ದಪ್ಪ ಕಡ್ಡಿ ಎರಡು ಬಗೆಯ ಕಾಟ ಕೊಡುತ್ತದೆ: ಕಪಾಲ ನೋಯುತ್ತದೆ, ಮೆತ್ತೆಗೂ ಕೆನ್ನೆಗೂ ನಡುವೆ ಸಂದಾಗಿ ಗ್ರೈಂಡರಿನ ಸದ್ದು ಒಳಗೆ ಸೋರುತ್ತದೆ. ಆರಾಮಕುರ್ಚಿಗೆ ಒರಗಿದರೆ ತುರುಬು ಪಟ್ಟಿಯನ್ನು ಹಣೆಗೆ ತಳ್ಳುತ್ತದೆ. ಆ ಹೆಡ್‌ಫೋನ್ ಮಾಡಿದವರು ಯಾವ ತಲೆಯ ಅಳತೆ ಹಿಡಿದಿದ್ದರೋ, ಮೈಸೂರಿನ ಅಜ್ಜಿಯದ್ದಂತೂ ಅಲ್ಲ.

ಅದನ್ನು ಮಗನಿಗೆ ಕೊಟ್ಟು ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಹೊರಟೆ. ಎ.ಸಿ. ಅಂಗಡಿಯ ಮೌನದಲ್ಲಿ ಎರಡು ನಿಮಿಷ ತೊಟ್ಟರೆ ಎಲ್ಲವೂ ಹಿತವೇ. ಒಂದು ಕಡೆ ಹುಡುಗ ಡೆಸಿಬಲ್ಲು, ಬಾಸು ಅಂತ ಶುರುಮಾಡಿದ. "ಅದಿರಲಪ್ಪ, ಒಂದು ಸ್ಟೂಲ್ ಕೊಡು, ಅರ್ಧ ಗಂಟೆ ಕೂತ್ಕೋತೀನಿ" ಅಂದೆ. ಕೊಟ್ಟ ಪುಣ್ಯಾತ್ಮ. ಬಾಸಿನ ಬದಲು ನಾನು ನೋಡಿದ್ದು ನಾಲ್ಕು ಸಂಗತಿ. ಕಿವಿ ಪೂರ್ತಿ ಒಳಗೆ ಕೂತು ಒಳಗೋಡೆ ತಾಗದಷ್ಟು ಮೆತ್ತೆ ಆಳವಿರಬೇಕು. ತೂಕ 250 ಗ್ರಾಂ ಆಸುಪಾಸಿರಬೇಕು. ಬಗ್ಗಿದರೆ ಬೀಳಬಾರದು, ಹಾಗಂತ ಇಕ್ಕಳದಂತೆ ಹಿಡಿಯಲೂಬಾರದು. ಒತ್ತುವ ಗುಂಡಿಗಳೇ ಬೇಕು. ಸವರಿದರೆ ಕೆಲಸ ಮಾಡುವಂಥವು ನನ್ನ ಸೆರಗು ತಾಗಿದರೂ ಹಾಡು ಬದಲಿಸುತ್ತಿದ್ದವು. ಜೊತೆಗೆ ವೈರು ಸಿಕ್ಕಿಸುವ ತೂತು. ಎಷ್ಟೋ ವಿಮಾನಗಳ ಪರದೆಗೆ ಬ್ಲೂಟೂತ್ ಸೇರುವುದಿಲ್ಲ. ಕೆಲವಕ್ಕೆ ಎರಡು ಮೂತಿಯ ಅಡಾಪ್ಟರೂ ಬೇಕು.

ಕೊಂಡ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದೆ, ತಾಲೀಮಿಗೆ. ಗಾಲಿಗಳ ಮೊರೆತ ಕರಗಿತು. ಮದ್ದೂರಿನ ಹತ್ತಿರ ಕಣ್ಣು ಎಳೆಯುತ್ತಿದ್ದಾಗ "ವಡೆ, ವಡೆ, ಮದ್ದೂರ್ ವಡೇ" ಅಂತ ಸ್ಪಷ್ಟವಾಗಿ ಕೇಳಿತು. ಮನುಷ್ಯರ ದನಿ ಈ ಯಂತ್ರಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ವಡೆ ಕೊಂಡೆ.

ಉಳಿದದ್ದು ನನ್ನ ತಲೆಯ ರಿಪೇರಿ. ಸಪೂರ ಕಡ್ಡಿಯ ಹಳೇ ಕನ್ನಡಕ ಹುಡುಕಿದೆ. ತುರುಬಿನ ಬದಲು ಜಡೆ ಹಾಕಿ ಮುಂದಕ್ಕೆ ಇಳಿಬಿಟ್ಟೆ. ಓಲೆ ಬಿಚ್ಚಬೇಕು, ಆದರೆ ಬೋಳುಗಿವಿಯಲ್ಲಿ ಮನೆ ಹೊಸಲು ದಾಟುವುದು ಹೇಗೆ? ನಮ್ಮಜ್ಜಿ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚಿಸಿದ ಮೇಲೆ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಇಡುತ್ತಿದ್ದದ್ದು ನೆನಪಾಯಿತು. ಹಿತ್ತಲಿಂದ ಎರಡು ಕಡ್ಡಿ ಮುರಿದು ತಂದು ನಯ ಮಾಡಿ ಏರಿಸಿದೆ. ಲಕ್ಷಣವೂ ಉಳಿಯಿತು, ಮೂಳೆಯೂ ಉಳಿಯಿತು.

ವಿಮಾನದಲ್ಲಿ ಈ ಸಲ ರೆಕ್ಕೆಗಿಂತ ಮುಂದಿನ ಸೀಟು ಕೇಳಿ ಪಡೆದಿದ್ದೆ. ಪವರ್ ಬ್ಯಾಂಕ್ ಕೈಚೀಲದಲ್ಲಿತ್ತು. ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ. ವೀಣೆಯನ್ನು ಅರ್ಧಕ್ಕಿಂತ ಕಡಿಮೆ ವಾಲ್ಯೂಮಿನಲ್ಲಿ ಕೇಳಿದೆ. ಬೆರಳು ತಂತಿಯ ಮೇಲೆ ಸರಿಯುವ ಸೀಳು ಸದ್ದೂ ಸಿಕ್ಕಿತು. ಹೆಚ್ಚು ಹೊತ್ತು ಏನೂ ಹಾಕದೆ ಬರೀ ಮೌನ ಹೊದ್ದು ಮಲಗಿದೆ. ಎರಡು ಗಂಟೆಗೊಮ್ಮೆ ತೆಗೆದು ಕಿವಿಗೆ ಗಾಳಿ ಕೊಟ್ಟೆ. ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದಕ್ಕೆ ಮಾತ್ರ ಯಾವ ಹೆಡ್‌ಫೋನೂ ಮದ್ದಲ್ಲ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟು ಗುಟುಕು ನುಂಗುತ್ತಿದ್ದರೆ ಸರಿಹೋಗುತ್ತದೆ.

ಜೀರುಂಡೆ ಈ ಸಲ ಬರಲಿಲ್ಲ. ಹೋದ ದಿನವೇ ಮಗಳಿಗೆ ಮೆಣಸಿನ ಸಾರು ಮಾಡಿ ಬಡಿಸಿದೆ.

ನಾಲ್ಕನೇ ರಾತ್ರಿ ಮೂರು ಗಂಟೆಗೆ ಮಗು ಎದ್ದು ರಚ್ಚೆ ಹಿಡಿಯಿತು. ಅಳಿಯ ಕಣ್ಣುಜ್ಜಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತ. "ಅತ್ತೆ, ನಾಳೆ ಬೆಳಿಗ್ಗೆ ಮೀಟಿಂಗಿದೆ, ನಿಮ್ಮ ಹೆಡ್‌ಫೋನ್ ಸ್ವಲ್ಪ ಕೊಡ್ತೀರಾ?"

"ತಗೊಳ್ಳಪ್ಪ" ಅಂದೆ, "ಆದರೆ ಇದು ಗ್ರೈಂಡರಿಗೆ ಮಾತ್ರ. ಅಳು ಅಳಿಸೋಕೆ ಆಗಲ್ಲ." ಎದ್ದು ಹೋಗಿ ಮಗುವನ್ನು ಎತ್ತಿಕೊಂಡೆ.