ಪಂಚಾಯಿತಿ ಚುನಾವಣೆಗೆ ಮತದಾರನ ಸಿದ್ಧತೆ

ವಿಧಾನಸಭೆಗೋ ಲೋಕಸಭೆಗೋ ಚುನಾವಣೆ ಬಂದಾಗ ನಾಡಿಗೆ ನಾಡೇ ಎಚ್ಚೆತ್ತುಕೊಳ್ಳುತ್ತದೆ. ಪತ್ರಿಕೆಗಳ ತುಂಬ ಅದೇ ವಿಚಾರ; ನಮ್ಮ ವಿದ್ಯಾರ್ಥಿನಿಲಯದ ಊಟದ ಪಂಕ್ತಿಯಲ್ಲಿಯೂ ಅದೇ ಚರ್ಚೆ. ಆದರೆ ಆ ಎರಡೂ ಇಲ್ಲದ ವರ್ಷದಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆ ಬಂದರೆ, ಓದಿದವರೆನಿಸಿಕೊಂಡ ನಾವು “ಅದು ಊರವರ ಪಾರ್ಟಿ ಜಗಳ” ಎಂದು ಸುಮ್ಮನಾಗುತ್ತೇವೆ. ಕುಡಿಯುವ ನೀರು, ಚರಂಡಿ, ಬೀದಿ ದೀಪ, ಮನೆಗಂದಾಯ ಇವೆಲ್ಲ ಆ ಪಂಚಾಯಿತಿಯ ಕೈಯಲ್ಲಿಯೇ ಇವೆ. ಅಷ್ಟೇ ಅಲ್ಲ, ದೊಡ್ಡ ಚುನಾವಣೆಗಳಿಗಿಂತ ಈ ಚಿಕ್ಕ ಚುನಾವಣೆಗೇ ಮತದಾರನ ಪೂರ್ವಸಿದ್ಧತೆ ಹೆಚ್ಚು ಬೇಕೆಂಬುದು ನನ್ನ ಅಭಿಪ್ರಾಯ.

ಈ ಹಕ್ಕು ಒಂದೇ ದಿನದಲ್ಲಿ ಬಂದುದಲ್ಲ. ಮೈಸೂರು ರಾಜ್ಯದಲ್ಲಿ 1959ರಲ್ಲಿ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯಿದೆಯಾಯಿತು. ಆ ಮೇಲೆ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ, ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಸಚಿವ ಅಬ್ದುಲ್ ನಜೀರ್ ಸಾಬರ ಮುಂದಾಳುತನದಲ್ಲಿ 1983ರ ಕಾಯಿದೆ ಬಂತು. ಅದರಂತೆ 1987ರಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸುವುದನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡಿತು. ಅದನ್ನು ನಡೆಸುವುದಕ್ಕೆ ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗವನ್ನೂ ಕೊಟ್ಟಿತು.

ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗೆ ಎರಡು ವಿಶೇಷಗಳುಂಟು. ಮೊದಲನೆಯದು, ಇಲ್ಲಿ ಪಕ್ಷದ ಚಿಹ್ನೆ ಇಲ್ಲ. ಆಯೋಗವು ಹಂಚುವ ಬಿಡಿ ಚಿಹ್ನೆಗಳನ್ನು ನೋಡಿ ಅಭ್ಯರ್ಥಿಯ ಧೋರಣೆಯನ್ನು ಊಹಿಸಲಾಗದು. ಬೇರೆಡೆ ಪಕ್ಷದ ಪ್ರಣಾಳಿಕೆ ಹೇಳುವುದನ್ನು ಇಲ್ಲಿ ಮತದಾರನೇ ವಿಚಾರಿಸಿ ತಿಳಿಯಬೇಕು. ಎರಡನೆಯದು, ಒಂದು ಕ್ಷೇತ್ರದಿಂದ ಒಬ್ಬರಿಗಿಂತ ಹೆಚ್ಚು ಸದಸ್ಯರು ಆಯ್ಕೆಯಾಗುವುದುಂಟು. ಸ್ಥಾನಗಳೆಷ್ಟೋ ಅಷ್ಟು ಮತ ನಮಗಿರುತ್ತದೆ; ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೂರು ಸ್ಥಾನಗಳಿರುವಲ್ಲಿ ನಾಲ್ಕು ಗುರುತು ಹಾಕಿದರೆ ಮತಪತ್ರ ತಿರಸ್ಕೃತವಾಗುತ್ತದೆ. ಒಂದೇ ಗುರುತು ಹಾಕಿ ಬಂದರೆ ಮತವೇನೋ ಸಿಂಧು, ಆದರೆ ಉಳಿದ ಎರಡು ಹಕ್ಕುಗಳನ್ನು ಬಿಟ್ಟು ಬಂದಂತೆ. ಆದುದರಿಂದ ನಮ್ಮ ಕ್ಷೇತ್ರದಲ್ಲಿ ಎಷ್ಟು ಸ್ಥಾನ, ಯಾವ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಮತಗಟ್ಟೆಗೆ ಹೋಗುವ ಮುನ್ನವೇ ತಿಳಿದಿರಬೇಕು.

ಸಿದ್ಧತೆಯ ಮೊದಲ ಮೆಟ್ಟಿಲು ಮತದಾರರ ಪಟ್ಟಿ. 1989ರಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಆದರೆ ಹದಿನೆಂಟು ತುಂಬಿದ ಮಾತ್ರಕ್ಕೆ ಹೆಸರು ತಾನಾಗಿ ಪಟ್ಟಿಗೆ ಏರುವುದಿಲ್ಲ. ಹೊಸದಾಗಿ ಸೇರಲು ನಮೂನೆ 6, ಸ್ಥಳ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8 ಕೊಡಬೇಕು. ಗುರುತಿನ ಚೀಟಿ ಕಿಸೆಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ವಿಧಾನಸಭೆಯ ಪಟ್ಟಿಯಿಂದಲೇ ಪಂಚಾಯಿತಿಯ ಪಟ್ಟಿಯನ್ನು ಕ್ಷೇತ್ರವಾರು ವಿಂಗಡಿಸುವುದರಿಂದ ನಮ್ಮ ಹೆಸರು ಸರಿಯಾದ ಕ್ಷೇತ್ರದಲ್ಲಿದೆಯೇ ಎಂದೂ ನೋಡಬೇಕು. ವಿದ್ಯಾರ್ಥಿನಿಲಯದಲ್ಲಿರುವ ನಮ್ಮಂಥವರು ಊರಿನಲ್ಲಾದರೂ, ಓದುವ ಸ್ಥಳದಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು. ಎರಡೂ ಕಡೆ ಕೂಡದು. ನನ್ನ ಹೆಸರು ಊರಿನ ಪಟ್ಟಿಯಲ್ಲಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದಕಾರಣ ಅವ್ವನದು, ಅಜ್ಜಿಯದು, ನೆರೆಮನೆಯವರದು ಎಲ್ಲವನ್ನೂ ಓದಿ ನೋಡುವುದು ನನ್ನ ಪಾಲಿನ ಕೆಲಸ. ನಿಮ್ಮಲ್ಲಿ ಅನೇಕರ ಮನೆಯ ಸಂಗತಿಯೂ ಇದೇ ಎಂದು ಬಲ್ಲೆ.

ಎರಡನೆಯ ಮೆಟ್ಟಿಲು ವಿಚಾರಣೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ನಮ್ಮ ಕಾಯಿದೆ ಹೇಳುತ್ತದೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕಪತ್ರಗಳನ್ನು ಜನರ ಮುಂದಿಟ್ಟು, ಆದ ಕಾಮಗಾರಿಗಳನ್ನು ತೋರಿಸುವ ಪದ್ಧತಿಯುಂಟು. ಹಿಂದಿನ ಸದಸ್ಯರು ಮತ್ತೆ ನಿಂತರೆ ಅವರನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಲು ಇಲ್ಲ. ಬಿಲ್ಲಿನಲ್ಲಿರುವ ಚರಂಡಿ ನೆಲದ ಮೇಲೂ ಇದೆಯೇ? ಮೋಟಾರು ಕೆಟ್ಟಾಗ ಎಷ್ಟು ದಿನಕ್ಕೆ ನೀರು ಬಂತು? ಗ್ರಾಮಸಭೆಯಲ್ಲಿ ಅವರು ಬಾಯಿ ತೆರೆದರೇ? ಹೊಸಬರು ನಿಂತರೆ, ಈ ಸಭೆಗಳಿಗೆ ಹಿಂದೆ ಎಂದಾದರೂ ಬಂದಿದ್ದರೇ ಎಂದು ಕೇಳಬಹುದು.

ಇಲ್ಲಿ ಮಹಿಳಾ ಸ್ಥಾನಗಳ ಮಾತು ಹೇಳಲೇಬೇಕು. 1983ರ ಕಾಯಿದೆಯಲ್ಲಿ ಶೇಕಡಾ 25 ಇದ್ದ ಮೀಸಲಾತಿ ಇಂದು ಅರ್ಧಕ್ಕೆ ಏರಿದೆ. ಆದರೆ ಹೆಂಡತಿಯ ಹೆಸರಿನಲ್ಲಿ ಗಂಡ ಮತ ಕೇಳುವುದೂ, ಗೆದ್ದ ಮೇಲೆ ಸಭೆಗೆ ತಾನೇ ಹೋಗುವುದೂ ನಿಂತಿಲ್ಲ. ಮತ ಕೇಳಲು ಬಂದವರಿಗೆ “ಅಕ್ಕನವರೇ ಬಂದು ಮಾತಾಡಲಿ” ಎಂದು ವಿನಯದಿಂದ ಹೇಳಿದರೆ ಅದೇ ಒಂದು ಸುಧಾರಣೆ.

ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. 2020ರ ಡಿಸೆಂಬರಿನಲ್ಲಿ ಎರಡು ಹಂತಗಳಲ್ಲಿ ಪಂಚಾಯಿತಿ ಚುನಾವಣೆ ನಡೆದಾಗ, ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಯೋಗವು ಕ್ರಮಕ್ಕೆ ಸೂಚಿಸಬೇಕಾಯಿತು. ಹಣ ಗುಡಿಯ ಕೆಲಸಕ್ಕೆ ಹೋಗುತ್ತದೆ, ಊರಲ್ಲಿ ಜಗಳ ತಪ್ಪುತ್ತದೆ ಎಂಬುದು ಸಮರ್ಥನೆ. ಹಿರಿಯರು ಕೂಡಿ ಮನಸಾರೆ ಒಬ್ಬರನ್ನು ಒಪ್ಪಿ ಅವಿರೋಧವಾಗಿ ಆರಿಸುವುದು ಬೇರೆ. ಹೆಚ್ಚು ಕೂಗಿದವನಿಗೆ ಸ್ಥಾನ ಮಾರುವುದು ಬೇರೆ. ಹರಾಜಿನಲ್ಲಿ ಬಡವನ ಮತ ಅವನನ್ನು ಕೇಳದೆಯೇ ಮಾರಿಹೋಗುತ್ತದೆ. ಹಣ ಹಾಕಿದವನು ಅದನ್ನು ಎಲ್ಲಿಂದ ತೆಗೆಯುತ್ತಾನೆಂಬುದನ್ನು ವಿವರಿಸಬೇಕಾಗಿಲ್ಲ.

ಮತ ಹಾಕುವ ಅವಕಾಶವೇ ತಪ್ಪಿದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಗಿ, 2021ರಲ್ಲಿ ಅವಧಿ ಮುಗಿಯಿತು. ಆ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳಿಂದ ವರ್ಷಗಳುರುಳಿದರೂ ಚುನಾವಣೆ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಅಧಿಕಾರಿಗಳು ದಕ್ಷರೇ ಇರಬಹುದು. ಆದರೆ ಮುಂದಿನ ಸಲ ನಮ್ಮ ಬಾಗಿಲಿಗೆ ಬಂದು ಮತ ಕೇಳಬೇಕೆಂಬ ಭಯ ಅವರಿಗಿಲ್ಲ. ಆ ಭಯವೇ ಪ್ರಜಾಪ್ರಭುತ್ವದ ಜೀವಾಳ.

ಪದವಿ ಪಡೆದು ನಾವು ಎಲ್ಲಿಗೋ ಹೋಗುವವರು ನಿಜ. ಆದರೂ ಮುಂದಿನ ಪಂಚಾಯಿತಿ ಚುನಾವಣೆಗೆ ಮೊದಲು ಮೂರು ಕೆಲಸಗಳನ್ನು ಪ್ರತಿಯೊಬ್ಬರೂ ಮಾಡಬಹುದು: ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರು ನೋಡುವುದು, ಒಂದು ಗ್ರಾಮಸಭೆಗೆ ಹೋಗಿ ಕೂರುವುದು, ನಮ್ಮ ಕ್ಷೇತ್ರದಲ್ಲಿ ಮತ ಎಷ್ಟೆಂಬುದನ್ನು ಓದಲು ಬಾರದ ಹತ್ತು ಮಂದಿಗೆ ತಿಳಿಸುವುದು. ಯಾರಿಗೆ ಹಾಕಬೇಕೆಂದು ಮಾತ್ರ ಅವರಿಗೆ ಹೇಳಬಾರದು. ಅದು ಅವರ ಸ್ವಂತ ವಿಚಾರ.