ಇಂದಿನ ಧಮ್ಮ ಚಿಂತನೆ: ಯುದ್ಧ ಬೇಡ ಎಂದರೆ ಮತ್ತೇನು?





ವಿಜ್ಞಾನ ಕಥೆ ಎಂದರೆ ಹೊಸ ಹೊಸ ಅಸ್ತ್ರಗಳ ಕಥೆ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ನಮ್ಮ ದೇಶದ ಆರಂಭದ ವಿಜ್ಞಾನ ಕಥೆಗಳಲ್ಲೊಂದು ಬೇರೆ ದಾರಿ ಹುಡುಕಿತು. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಳ ಕನಸು’ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಆಶ್ರಯ ಬೇಡಿ ಬಂದವರನ್ನು ರಾಣಿಯೊಬ್ಬಳು ಬಿಟ್ಟುಕೊಡುವುದಿಲ್ಲ. ಅದಕ್ಕೇ ನೆರೆಯ ರಾಜ ಯುದ್ಧ ಸಾರುತ್ತಾನೆ. ಗಂಡಸರ ಸೈನ್ಯ ಸೋಲುತ್ತದೆ. ಆಗ ವಿಶ್ವವಿದ್ಯಾಲಯದ ಮುಖ್ಯಸ್ಥೆ 2000 ವಿದ್ಯಾರ್ಥಿನಿಯರೊಂದಿಗೆ ಹೋಗಿ, ಕೂಡಿಟ್ಟ ಸೂರ್ಯನ ಶಾಖವನ್ನು ಶತ್ರುಗಳತ್ತ ಹಾಯಿಸುತ್ತಾಳೆ. ತಾಳಲಾರದೆ ಅವರು ಓಡಿಹೋಗುತ್ತಾರೆ. ಹೆಣ್ಣುಮಕ್ಕಳ ಓದು ನಾಡನ್ನು ಉಳಿಸಿತು.

ಆದರೆ ಶಾಖವೂ ಆಯುಧವೇ ಅಲ್ಲವೇ? ಆಮೇಲೆ ಆ ನಾಡಿನಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಹೊರಗೆ. ಪರದಾ ಪದ್ಧತಿಗೆ ಇದು ಒಳ್ಳೆಯ ಅಣಕ. ಆದರೂ ಒಳಗಿನವರು ಬದಲಾದರೇ ಹೊರತು ಗೋಡೆ ಬೀಳಲಿಲ್ಲ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇನ್ನೊಂದು ದಾರಿ ತೋರಿಸಿದ್ದಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಸಂಘದಲ್ಲಿ ಎದ್ದು ನಿಂತ. ತಪ್ಪು ನಮ್ಮವರದೂ ಇರಬಹುದು, ವಿಚಾರಣೆಯಾಗಲಿ ಎಂದ. ನಮ್ಮವರು ಇಬ್ಬರು, ಅವರವರು ಇಬ್ಬರು, ಈ ನಾಲ್ವರು ಆರಿಸಿದ ಐದನೆಯವರು ಸೇರಿ ತೀರ್ಮಾನಿಸಲಿ ಎಂದ. ಬಹುಮತದಲ್ಲಿ ಸೋತ. ಸೈನ್ಯ ಸೇರಲು ಒಪ್ಪದಿದ್ದಾಗ, ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ, ಜಮೀನು ಮುಟ್ಟುಗೋಲು ಎಂಬ ಬೆದರಿಕೆ ಬಂತು. ಬಹಿಷ್ಕಾರ ಎಂದರೇನೆಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯವರಿಗೆ ಶಿಕ್ಷೆ ಬೇಡವೆಂದು ಆತ ತಾನೇ ಪರಿವ್ರಾಜಕನಾಗಿ ನಾಡು ಬಿಟ್ಟ.

ಅಂದು ಸೋತ ಆ ಸಲಹೆ ಇಂದು ನಮ್ಮ ನಡುವೆಯೇ ಇದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಮಲಪ್ರಭೆಯ ನೀರು. ಆ ಹೊಳೆಗೆ ಮಹದಾಯಿ ನೀರು ತರುವ ವಿಷಯದಲ್ಲಿ ಗೋವಾ, ಮಹಾರಾಷ್ಟ್ರ, ಕರ್ನಾಟಕ ವಾದಿಸಿದ್ದು 2010ರಲ್ಲಿ ರಚನೆಯಾದ ನ್ಯಾಯಮಂಡಳಿಯ ಮುಂದೆ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿತು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ, ಮೂವರೂ ಸುಪ್ರೀಂ ಕೋರ್ಟಿಗೆ ಹೋದರು. ಆದರೆ ಯಾರೂ ಸೈನ್ಯ ಕಟ್ಟಲಿಲ್ಲ.

*ಇಂದಿನ ಅಭ್ಯಾಸ:* ಯುದ್ಧವನ್ನು ಹೊಗಳುವ ವಿಡಿಯೋ ಮೊಬೈಲಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳೋಣ: ಈ ಜಗಳಕ್ಕೆ ಆ ಐವರನ್ನು ಯಾರಾದರೂ ಕೂರಿಸಿದ್ದಾರೆಯೇ?

ಭವತು ಸಬ್ಬ ಮಂಗಲಂ 🙏